ಇಲ್ಲಿ ನಿಮ್ಮ ಬೇಳೆ ಬೇಯಲ್ಲ

"ಇಲ್ಲಿ ನಿಮ್ಮ ಬೇಳೆ ಬೇಯಲ್ಲ ಕಣ್ರೀ!"

ಬೆನ್ನ ಹಿಂದಿನಿಂದ ಬಂದ ಗಂಡು ದನಿಗೆ ರಂಜಿತ ಬೆಚ್ಚಿ ತಿರುಗಿದಳು.

ಬಾಗಿಲಲ್ಲಿ ಖಾಕಿ ಪ್ಯಾಂಟು, ಬನಿಯನ್ನು ತೊಟ್ಟವನೊಬ್ಬ ರೇಜರ್ ಹಿಡಿದು ನಿಂತಿದ್ದ. ಒಂದು ಕೆನ್ನೆಗೆ ಸೋಪು ಮೆತ್ತಿಕೊಂಡಿತ್ತು. ನೊರೆ ಮಾತ್ರ ಒಂದು ಚೂರೂ ಇರಲಿಲ್ಲ.

ಎಷ್ಟು ಧೈರ್ಯ ಇವನಿಗೆ...!

ಗುತ್ತಲು ಬಡಾವಣೆಯ ಆ ಬೀದಿಯಲ್ಲಿ 'ಮನೆ ಬಾಡಿಗೆಗೆ ಇದೆ' ಅನ್ನುವ ಬೋರ್ಡು ನೋಡಿ ಅವಳು ಒಳಗೆ ಬಂದು ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ಅಷ್ಟರಲ್ಲೇ ಮನೆಯೊಡತಿ ಹೊಂಬಾಳಮ್ಮನನ್ನು ಮುಕ್ಕಾಲು ಪಾಲು ಒಲಿಸಿಕೊಂಡಿದ್ದಳು. ಅಂಗಳದ ದಾಸವಾಳ ಹೊಗಳಿದ್ದಳು. "ನಿಮ್ಮನ್ನ ನೋಡಿದ್ರೆ ನಮ್ಮವ್ವನ್ನೇ ನೋಡ್ದಂಗಾಯ್ತದೆ" ಅಂದಿದ್ದಳು. ತನ್ನ ಊರು ಸೋಮನಹಳ್ಳಿ, ಒಬ್ಬಟ್ಟು ಮಾಡಿ ಮಾರುವ ಅಂಗಡಿ ಇಡಬೇಕೆಂದಿದ್ದೇನೆ, ರಸ್ತೆಗೆ ಮುಖ ಮಾಡಿರುವ ಈ ಪೋರ್ಷನ್ ತನಗೇ ಆಗಬೇಕು ಎಂದು ನಯವಾಗಿ ಕೇಳುತ್ತಿದ್ದಳು. ಹೊಂಬಾಳಮ್ಮ ಇನ್ನೇನು ಹೂಂ ಅನ್ನಬೇಕು, ಅಷ್ಟರಲ್ಲಿ ಈ ಮಾತು!

"ಲೇ ರಘು! ಮನೆಗ್ ಬಂದೋರ ಮುಂದೆ ಏನ್ಲಾ ನಿಂದು?" ಹೊಂಬಾಳಮ್ಮ ಗದರಿದಳು.

"ಇರೋದ್ನ ಏಳ್ದೆ ಕಣವ್ವ. ಆಮೇಲೆ ಅವ್ರೇ..." ಅವನ ಕಣ್ಣು ಗೋಡೆಯ ಗಡಿಯಾರದ ಮೇಲೆ ಬಿತ್ತು. "ಅಯ್ಯೋ, ಬಸ್ಸು! ಸರಿ, ರೈಟ್!"

ಅಷ್ಟೇ. ಒಳಗೆ ಓಡಿದವನು, ಒರಟಾಗಿ ಕೆರೆದುಕೊಂಡ ಕೆನ್ನೆ ಒರೆಸುತ್ತಾ, ಟಿಕೆಟ್ ಮಿಷನ್ನು ಹೆಗಲಿಗೆ ಹಾಕಿಕೊಂಡು ಹೊರಟೇಹೋದ.

ಅವನು ಹೊಂಬಾಳಮ್ಮನ ಒಬ್ಬನೇ ಮಗ, ರಘುನಂದನ್. ಮಂಡ್ಯದಿಂದ ಮದ್ದೂರು ಮೇಲೆ ಮಳವಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರು. ಮಾತು ಅರ್ಧಕ್ಕೆ ಬಂದಾಗ 'ರೈಟ್' ಅಂದು ಹೊರಟುಬಿಡುವುದು ಅವನ ಹುಟ್ಟುಗುಣವೋ, ಕೆಲಸದಿಂದ ಅಂಟಿಕೊಂಡ ಚಾಳಿಯೋ, ಹೆತ್ತವಳಿಗೂ ಗೊತ್ತಿರಲಿಲ್ಲ.

ರಂಜಿತಳ ಕಿವಿಯಲ್ಲಿ ಮಾತ್ರ ಆ ಐದಾರು ಪದಗಳು ಕುದಿಯುತ್ತಿದ್ದವು. ಯಾಕೆಂದರೆ ಅವಳು ಅವನ್ನು ಕೇಳಿದ್ದು ಅದೇ ಮೊದಲಲ್ಲ. ಹೋದ ವರ್ಷ ಅವಳಿಗೊಂದು ಗಂಡು ಗೊತ್ತಾಗಿತ್ತು. ಮದುವೆಯಾದ ಮೇಲೂ ಅಡುಗೆ ಕೆಲಸ ಮುಂದುವರಿಸಲೇ ಎಂದು ಅವಳು ಗಂಡಿನ ಸೋದರತ್ತೆಯನ್ನು ಮೆಲ್ಲಗೆ ಕೇಳಿದ್ದಳು. "ಸಿಹಿಸಿಹಿಯಾಗ್ ಮಾತಾಡಿ ಒಪ್ಪಿಸ್ಬುಡಾನ ಅಂತಾನಾ? ನಮ್ತಾವ ನಿನ್ ಬೇಳೆ ಬೇಯಕಿಲ್ಲ ಕಣಮ್ಮಿ!" ಅಂದಿದ್ದಳು ಆಕೆ, ಮನೆ ತುಂಬ ಜನರ ಮುಂದೆ. ಆ ಸಂಬಂಧ ಅಲ್ಲಿಗೇ ಮುರಿಯಿತು. ಅವಮಾನ ಉಳಿಯಿತು.

ಈಗ ಇವನೂ ಅದನ್ನೇ ಅಂದನಲ್ಲ... ನಾನು ಇವನ ತಾಯಿಯನ್ನು ಮರುಳು ಮಾಡೋಕೆ ಬಂದವಳಾ?

"ಅಮ್ಮಾ, ಈ ಮನೆ ನಂಗೇ ಕೊಡಿ" ಅಂದಳು ರಂಜಿತ, ಗಂಟಲು ಗಟ್ಟಿ ಮಾಡಿಕೊಂಡು. "ಇದೇ ಮನೇಲಿ ಬೇಯಿಸಿ ತೋರಿಸ್ತೀನಿ."

"ಬೇಯಿಸವ್ವ, ಬೇಯಿಸು! ನೀರ್ಗಂತೂ ಯೋಚ್ನೆನೇ ಇಲ್ಲ. ನಲ್ಲಿ ತಿರುಗಿಸುದ್ರೆ ಸಾಕು, ಒತ್ತು ಗೊತ್ತು ಇಲ್ದಂಗೆ ಸುರೀತದೆ. ನಾನು ಮದ್ವೆಯಾದೊಸದ್ರಲ್ಲಿ ಮೂರು ಬಿಂದ್ಗೆ ನೀರಿಗೆ ಊರಾಚೆಗೆ ಓಯ್ತಿದ್ದೆ ಕಣಮ್ಮ..." ಹೊಂಬಾಳಮ್ಮನಿಗೆ ಆ ನಲ್ಲಿಯ ಮೇಲೆ ಮಗನಿಗಿಂತ ಒಂದು ಕೈ ಹೆಚ್ಚೇ ಪ್ರೀತಿ. ಅದಕ್ಕೆ ಯಾರೂ ಹೆಸರಿಡುವ ಹಾಗಿರಲಿಲ್ಲ.

ರಂಜಿತ ಒಂದು ಹನಿ ಬಾಯಿಗೆ ಹಾಕಿಕೊಂಡು ನೋಡಿದಳು. ಉಪ್ಪೇನೂ ಅನ್ನಿಸಲಿಲ್ಲ. ಸರಿ, ಆಯಿತು ಅಂದುಕೊಂಡಳು.

*

ಊರಲ್ಲಿ ಅಣ್ಣ ಶಿವರಾಜು ಒಂದೇ ಮಾತು ಹೇಳಿದ್ದ. "ದೀಪಾವಳಿಗಂಟ ನೋಡವ್ವ. ಅಂಗ್ಡಿ ನಿಂತ್ಕತು ಅಂದ್ರೆ ನಿನ್ನಿಷ್ಟ. ಇಲ್ಲ ಅಂದ್ರೆ ಬಂದು, ನಾನ್ ನೋಡಿರೋ ಗಂಡನ್ನ ಒಪ್ಕೊಬೇಕು." ರಂಜಿತ ಹೂಂ ಅಂದು ಬಂದಿದ್ದಳು. ಹಾಗಾಗಿ ಈ ಅಂಗಡಿ ನಿಲ್ಲಲೇಬೇಕಿತ್ತು.

ಮೊದಲ ದಿನವೇ ಬೇಳೆ ಕೈಕೊಟ್ಟಿತು.

ಒಬ್ಬಟ್ಟಿಗೆ ತೊಗರಿಬೇಳೆಯನ್ನು ಕುಕ್ಕರಿನಲ್ಲಿ ಕೂಗಿಸುವವಳಲ್ಲ ಅವಳು. ಅವಳ ತಾಯಿ ಕಲಿಸಿದಂತೆ ತೆರೆದ ಪಾತ್ರೆಯಲ್ಲಿ, ನಿಂತು ನೋಡುತ್ತಾ ಬೇಯಿಸಬೇಕು. ಬೆರಳಲ್ಲಿ ಹಿಸುಕಿದರೆ ಕಾಳು ಮೆತ್ತಗೆ ಒಡೆಯಬೇಕು. ಆಮೇಲೆ ನೀರು ಬಸಿದು ಸಾರಿಗೆ ಇಟ್ಟು, ಬೇಳೆಗೆ ಬೆಲ್ಲ. "ಬೇಯೋಕ್ ಮುಂಚೆ ಬೆಲ್ಲ ಹಾಕ್ಬ್ಯಾಡ ಮಗಾ. ಹಾಕಿದ್ಯೋ, ಆಮೇಲೆ ಎಷ್ಟ್ ಕುದಿಸಿದ್ರೂ ಕಾಳು ಕಾಳಾಗೇ ಇರ್ತದೆ" ಅನ್ನುತ್ತಿದ್ದಳು ತಾಯಿ.

ಆದರೆ ಇಲ್ಲಿ ಬೆಲ್ಲ ಹಾಕುವ ಹೊತ್ತು ಬರಲೇ ಇಲ್ಲ! ಬೇಳೆ ಕುದಿಯಿತು, ಕುದಿಯಿತು, ಕುದಿಯುತ್ತಲೇ ಇತ್ತು. ನೊರೆ ಬಂದು ಸ್ಟವ್ವಿನ ಮೇಲೆಲ್ಲ ಚೆಲ್ಲಿತು. ಹಿಸುಕಿದರೆ ನಡುವೆ ಗಟ್ಟಿ ಕಾಳು.

ಹಳೇ ಬೇಳೆ ಕೊಟ್ಟಿದ್ದಾನೆ ಎಂದು ದಿನಸಿ ಅಂಗಡಿಯವನನ್ನು ಬೈದು ಬಂದಳು. ಬೇರೆ ಅಂಗಡಿಯಿಂದ ತಂದಳು. ಊರಿಂದ ಅಣ್ಣನ ಹೊಲದ ಬೇಳೆಯನ್ನೇ ತರಿಸಿದಳು. ಅದೂ ಅಷ್ಟೇ. ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ಚಿಟಿಕೆ ಸೋಡಾ ಹಾಕಿದಳು. ಬೇಳೆ ಬೆಂದಿತು, ಒಬ್ಬಟ್ಟಿಗೆ ಸೋಡಾ ವಾಸನೆ ಬಂತು.

"ಅಮ್ಮಾ, ನಿಮ್ಮನೇಲಿ ಬೇಳೆ ಬೇಯುತ್ತಾ?" ಒಂದು ದಿನ ಹೊಂಬಾಳಮ್ಮನನ್ನೇ ಕೇಳಿದಳು.

"ಬೇಯ್ದೆ ಏನವ್ವ! ಚಿಟಿಕೆ ಹೊಡೆಯೋದ್ರಲ್ಲಿ ಬೇಯ್ತದೆ."

ಅದೇ ಬೀದಿ, ಅದೇ ನಲ್ಲಿ. ಅವರ ಮನೆಯಲ್ಲಿ ಬೇಯುತ್ತೆ, ನನ್ನ ಮನೆಯಲ್ಲಿ ಬೇಯಲ್ಲ! ಹಾಗಾದರೆ ಅವತ್ತು ಆ ಪುಣ್ಯಾತ್ಮ ಅಂದ ಮಾತು ತಗುಲಿಬಿಟ್ಟಿತಾ...?

ಹೊಂಬಾಳಮ್ಮ ಹೇಳದೆ ಬಿಟ್ಟ ಸಂಗತಿ ಒಂದಿತ್ತು. ಹೇಳದೆ ಬಿಟ್ಟದ್ದೇನು, ಅದು ಅವಳಿಗೇ ಗೊತ್ತಿರಲಿಲ್ಲ. ಅವಳ ಅಡುಗೆಮನೆಯ ಕೊಳದಪ್ಪಲೆಗೆ ದಿನಾ ಬೆಳಗ್ಗೆ ನೀರು ತುಂಬಿಸಿ ಹೋಗುತ್ತಿದ್ದವನು ರಘು. ನಲ್ಲಿಯಿಂದಲ್ಲ, ಬೀದಿ ಕೊನೆಯ ಫಿಲ್ಟರ್ ನೀರಿನ ಘಟಕದಿಂದ. ತಾಯಿಯ ನಲ್ಲಿಗೆ ಹೆಸರಿಟ್ಟು ಬೈಸಿಕೊಳ್ಳುವುದಕ್ಕಿಂತ ಸುಮ್ಮನೆ ಹೊತ್ತು ತರುವುದು ಸುಲಭ ಎಂದು ಅವನು ಎಂದೋ ತೀರ್ಮಾನಿಸಿಕೊಂಡಿದ್ದ.

ರಂಜಿತ ಬಂದ ಮಾರನೆಯ ದಿನದಿಂದ ಅವಳ ಹೊಸ್ತಿಲಿನ ಪಕ್ಕದಲ್ಲೂ ಒಂದು ತುಂಬಿದ ಕ್ಯಾನು ಕೂರತೊಡಗಿತು. ಯಾರಿಟ್ಟರೆಂದು ಅವಳು ನೋಡಿರಲಿಲ್ಲ. ಹೊಂಬಾಳಮ್ಮನೇ ಕುಡಿಯಲಿಕ್ಕೆಂದು ಕಳಿಸುತ್ತಿರಬೇಕು ಅಂದುಕೊಂಡಳು. ಜೋಪಾನವಾಗಿ ಕುಡಿದಳು. ಉಳಿದದ್ದನ್ನು ತುಳಸಿಗೆ ಹಾಕಿದಳು. ಬೇಳೆಗೆ ಮಾತ್ರ ತಪ್ಪದೆ ನಲ್ಲಿಯನ್ನೇ ತಿರುಗಿಸಿದಳು!

ಬೇಳೆ ಒಂದೇ ಅಲ್ಲ, ಆ ಮನೆಯಲ್ಲಿ ಎಲ್ಲವೂ ಒಂಥರಾ. ಸೋಪು ಎಷ್ಟು ಉಜ್ಜಿದರೂ ಮೈಗೆ ಜಿಬಿಜಿಬಿ ಅಂಟುತ್ತಿತ್ತು. ಒಗೆದ ಸೀರೆ ಒಣಗಿದ ಮೇಲೆ ಸೆಟೆದುಕೊಂಡು ನಿಲ್ಲುತ್ತಿತ್ತು. ತೊಳೆದಿಟ್ಟ ಸ್ಟೀಲ್ ತಟ್ಟೆಯ ಮೇಲೆ ಬಿಳಿ ಮಚ್ಚೆ. ಟೀ ಮೇಲೆ ತೆಳ್ಳಗೊಂದು ಪೊರೆ. ಸೊಂಟ ದಾಟುತ್ತಿದ್ದ ಅವಳ ಕೂದಲು ತೆಂಗಿನ ನಾರಿನಂತಾಗಿ, ಬಾಚಿದಾಗಲೆಲ್ಲ ಬೆರಳಿಗೆ ಉಂಡೆ ಸುತ್ತಿಕೊಳ್ಳುತ್ತಿತ್ತು.

ಒಂದು ದಿನ ಅಡುಗೆಮನೆಯ ನಲ್ಲಿಯೇ ಕಟ್ಟಿಕೊಂಡಿತು. ಹೊಂಬಾಳಮ್ಮ ಮಗನನ್ನು ಕಳಿಸಿದಳು.

"ಕೆಲಸ ಮಾಡಿ, ಮಾತು ಬೇಡ" ಅಂದಳು ರಂಜಿತ ಬಾಗಿಲಲ್ಲೇ.

ಅವನು ಮಾತಾಡಲಿಲ್ಲ. ನಲ್ಲಿಯ ಮೂತಿ ಬಿಚ್ಚಿದ. ಒಳಗಿನ ಜಾಲರಿ ತುಂಬ ಸುಣ್ಣದ ಗಾರೆ ಕಟ್ಟಿತ್ತು. ಬಟ್ಟಲಿಗೆ ನಿಂಬೆಹಣ್ಣು ಹಿಂಡಿ, ಜಾಲರಿಯನ್ನು ಅದರಲ್ಲಿ ನೆನೆಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕಿದ. ಅಷ್ಟು ದೊಡ್ಡ ಕೈ ಅಷ್ಟು ಸಣ್ಣ ಜಾಲರಿಯನ್ನು ಅಷ್ಟು ನಾಜೂಕಾಗಿ ಹಿಡಿದಿದ್ದನ್ನು ರಂಜಿತ ನೋಡಿದಳು. ನೋಡಬಾರದು ಅಂದುಕೊಂಡೇ ನೋಡಿದಳು.

ಹೊರಡುವಾಗ ಅವನ ಕಣ್ಣು ಅವಳ ಜಡೆಯ ಮೇಲೆ ನಿಂತಿತು. "ಕೂದ್ಲು..." ಅಂದ.

"ಏನು ಕೂದಲು?"

"ಈ ನೀರಲ್ಲಿ ತೊಳೀಬ್ಯಾಡಿ. ಉದುರ್ತದೆ." ಅವಳ ಮುಖ ಕೆಂಪೇರಿದ್ದು ಕಂಡು ಅವನು ಗಾಬರಿಯಾದ. "ಸರಿ, ರೈಟ್!"

ನನ್ನ ಕೂದಲ ಲೆಕ್ಕ ಇವನಿಗ್ಯಾಕೆ! ರಂಜಿತ ಬಾಗಿಲು ಧಡಾರ್ ಎಂದು ಹಾಕಿದಳು. ಆಮೇಲೆ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತು ಜಡೆಯನ್ನು ಮುಂದೆ ಹಾಕಿಕೊಂಡು ನೋಡಿದಳು.

*

ಎದುರು ಮನೆಯ ಬೆಟ್ಟಮ್ಮ ಮೊಮ್ಮಗನ ನಾಮಕರಣಕ್ಕೆ ಒಬ್ಬಟ್ಟು ಹೇಳಿದ್ದೇ ರಂಜಿತಳ ಮೊದಲ ದೊಡ್ಡ ಆರ್ಡರು.

"ಚೆಂದಾಗಿ ಮಾಡ್ಕೊಟ್ರೆ ಇಡೀ ಗುತ್ತಲಿಗೆ ನಾನೇ ಸಾರ್ತೀನಿ. ಕೆಟ್ರೂ ನಾನೇ ಸಾರ್ತೀನಿ!" ಅಂದಿದ್ದಳು ಬೆಟ್ಟಮ್ಮ, ನಗುತ್ತಲೇ. ಅದು ಬರೀ ನಗುವ ಮಾತಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಇದು ಕೆಟ್ಟರೆ ಅಂಗಡಿ ಮುಚ್ಚಿ, ಅಣ್ಣನಿಗೆ ಫೋನ್ ಮಾಡಿ, ಬರುತ್ತೇನೆ ಅನ್ನುವುದೊಂದೇ ಬಾಕಿ.

ನಾಮಕರಣದ ದಿನ ಬೆಳಕು ಹರಿಯುವ ಮೊದಲೇ ಬೇಳೆ ಒಲೆ ಏರಿತು. ಬಿಸಿಲು ಅಂಗಳಕ್ಕೆ ಬಂದರೂ ಬೇಯಲಿಲ್ಲ. ಸೋಡಾ ಹಾಕಲು ಮನಸ್ಸು ಒಪ್ಪಲಿಲ್ಲ. ಎದುರು ಮನೆಯಲ್ಲಿ ಶಾಮಿಯಾನದ ಕೆಳಗೆ ಕುರ್ಚಿ ಹಾಕುವ ಸದ್ದು ಕೇಳುತ್ತಿತ್ತು. ರಂಜಿತ ಒಂದು ಕಾಳು ಎತ್ತಿ ಹಿಸುಕಿದಳು. ಗಟ್ಟಿ. ಇನ್ನೊಂದು. ಅದೂ ಗಟ್ಟಿ. ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತುಬಿಟ್ಟಳು.

"ಏನಾಯ್ತ್ರೀ?"

ಅವನ ವಾರದ ರಜೆಯ ದಿನ. ರಘು ಲುಂಗಿಯಲ್ಲಿ, ಕೈಯಲ್ಲಿ ಆವತ್ತಿನ ಕ್ಯಾನು ಹಿಡಿದುಕೊಂಡು ಹೊಸ್ತಿಲ ಹೊರಗೆ ನಿಂತಿದ್ದ.

"ಬನ್ನಿ, ಒಳಗೇ ಬನ್ನಿ! ಬಂದು ಕಣ್ತುಂಬ ನೋಡಿ!" ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ನೀವು ಹೇಳಿದ ಹಾಗೇ ಆಯ್ತು. ನನ್ನ ಬೇಳೆ ಬೇಯಲಿಲ್ಲ. ಸಮಾಧಾನ ಆಯ್ತಾ ನಿಮಗೆ?"

ಅವನು ಪಾತ್ರೆ ನೋಡಿದ. ಅವಳನ್ನು ನೋಡಿದ. ಮೂಲೆಯಲ್ಲಿದ್ದ ನಿನ್ನೆಯ ಅರ್ಧ ಕ್ಯಾನು ನೋಡಿದ.

"ಯಾವ ನೀರಿಟ್ರಿ?"

"ನಲ್ಲಿ ನೀರು. ಇನ್ಯಾವ ನೀರು?"

"ದಿನಾ ಕ್ಯಾನು ತಂದಿಟ್ಟಿದ್ನಲ್ಲ, ಅದ್ನೇನ್ಮಾಡುದ್ರಿ?"

"ನೀವಾ ತಂದಿಡ್ತಿದ್ದದ್ದು...? ಅದು... ಕುಡಿಯೋಕೆ ಅಂತ..."

"ಕುಡಿಯಾಕಾ!" ರಘು ಹಣೆ ಚಚ್ಚಿಕೊಂಡ. "ಅಲ್ಲಾ ಕಣ್ರೀ, ಬೇಳೆಗೆ ಅಂತ ತಂದಿದ್ದು! ಈ ಬೀದಿಗ್ ಬರೋದು ಬೋರ್ ನೀರು. ಗಡಸು ನೀರು. ಇದ್ರಲ್ಲಿ ಬೇಳೆ ಬೇಯಲ್ಲ ಅಂತ ನೀವು ಬಂದ್ ದಿನವೇ ಏಳಿದ್ನಲ್ಲ!"

ರಂಜಿತಳ ಬಾಯಿ ತೆರೆದದ್ದು ತೆರೆದೇ ಇತ್ತು.

"ಅಂದ್ರೆ... ಅವತ್ತು... ಬೇಳೆ ಬೇಯಲ್ಲ ಅಂದದ್ದು... ಬೇಳೆನಾ?"

"ಮತ್ತಿನ್ನೇನ್ರೀ? ಬೇಳೆನೇ! ತೊಗರಿಬೇಳೆ! ನೀವು ಒಬ್ಬಟ್ಟಿನ ಅಂಗ್ಡಿ ಅಂದ್ರಿ. ಇಲ್ಲಿ ಬೇಯಲ್ಲ, ಆಮೇಲೆ ನೀವೇ ಒದ್ದಾಡ್ತೀರ ಅನ್ನಾನ ಅಂತಿದ್ದೆ. ಅವ್ವ ಕಣ್ ಬುಟ್ಳು, ಬಸ್ಸಿಗೂ ಒತ್ತಾಗಿತ್ತು..."

ರಂಜಿತಳಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ನಗು ಬಂತು. ನಗುತ್ತಾ ನಗುತ್ತಾ ಮತ್ತೆ ಅಳು ಬಂತು. ಇಷ್ಟು ದಿನ ಕುದಿಸಿ ಕುದಿಸಿ ಇಟ್ಟುಕೊಂಡ ಸಿಟ್ಟೆಲ್ಲ ಒಂದು ಹಿಡಿ ತೊಗರಿಬೇಳೆಯ ಮೇಲಿನದ್ದು!

"ನಾನು... ನೀವು ನನ್ನ ಆಟ ನಡೆಯಲ್ಲ ಅಂದ್ರಿ ಅಂತ..."

ಈಗ ಬಾಯಿ ತೆರೆಯುವ ಸರದಿ ರಘುವಿನದು. ಅವನಿಗೆ ಆ ಅರ್ಥ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಹೊಳೆದ ಮೇಲೆ ಕಿವಿಯ ತುದಿವರೆಗೂ ಕೆಂಪಾದ.

"ಅಯ್ಯೋ ಶಿವನೇ... ಅದುಕ್ಕಾ ನೀವು ನನ್ನ ಕಂಡ್ರೆ ಅಂಗೆ ಉರ್ದು ಬೀಳ್ತಿದ್ದದ್ದು!"

ಮತ್ತೆ ಮಾತಿಗೆ ಸಮಯವಿರಲಿಲ್ಲ. ಅವನು ಸ್ಕೂಟರ್ ತೆಗೆದು ಘಟಕಕ್ಕೆ ಹೋಗಿ ಕ್ಯಾನುಗಳನ್ನು ತಂದು ತಂದು ಇಳಿಸಿದ. ಅವಳು ಹೊಸ ಬೇಳೆ, ಹೊಸ ನೀರು ಇಟ್ಟಳು. ಸ್ವಲ್ಪ ಹೊತ್ತಿಗೆಲ್ಲ ಒಂದು ಕಾಳು ಎತ್ತಿ ಬೆರಳಲ್ಲಿ ಒತ್ತಿದಳು. ಮೆತ್ತಗೆ ಒಡೆಯಿತು!

"ಬೆಂತು!" ಎಂದು ಕೂಗಿಕೊಂಡಳು.

"ಬೆಂತಾ? ಅಂಗಾರೆ ಬೆಲ್ಲ ಹಾಕ್ಬುಡ್ಲಾ?" ರಘು ಬೆಲ್ಲದ ಅಚ್ಚು ಎತ್ತಿಕೊಂಡು ನಿಂತಿದ್ದ.

"ನಿಲ್ಲಿ! ಎಲ್ಲಾ ಕಾಳೂ ಬೇಯ್ಬೇಕು. ಒಂದು ಬೆಂತು ಅಂತ ಬೆಲ್ಲ ಹಾಕಿದ್ರೆ ಉಳಿದದ್ದು ಜನ್ಮದಲ್ಲಿ ಬೇಯಲ್ಲ" ಅಂದಳು ಅವಳು. ಅವನು ಶಾಲೆಯ ಹುಡುಗನಂತೆ ಬೆಲ್ಲ ಕೆಳಗಿಟ್ಟ.

ಮಧ್ಯಾಹ್ನದ ಪಂಕ್ತಿಯಲ್ಲಿ ಬೆಟ್ಟಮ್ಮನ ಬೀಗರು ಎರಡೆರಡು ಸಲ ಒಬ್ಬಟ್ಟು ಹಾಕಿಸಿಕೊಂಡರು. "ಬಾಯಿಗಿಟ್ರೆ ಕರಗೋಯ್ತದೆ ಕಣವ್ವ!" ಎಂದು ಬೆಟ್ಟಮ್ಮ ಸಂಜೆಯೊಳಗೆ ಅರ್ಧ ಗುತ್ತಲಿಗೆ ಸಾರಿದಳು. ಹೊಂಬಾಳಮ್ಮ ಮಾತ್ರ ಎರಡು ದಿನ ಮಗನ ಜೊತೆ ಮಾತು ಬಿಟ್ಟಳು. ಅವಳ ನಲ್ಲಿಯ ಮಾನ ಹೋಗಿತ್ತು.

*

ಅಂಗಡಿ ನಿಂತಿತು. ದಿನಾ ಬೆಳಗ್ಗೆ ಕ್ಯಾನು ಬರುತ್ತಿತ್ತು, ಅದರ ಹಿಂದೆ ರಘುವೂ ಬರುತ್ತಿದ್ದ. ಮೊದಮೊದಲು ಹೊಸ್ತಿಲ ಹೊರಗೆ ನಿಲ್ಲುತ್ತಿದ್ದವನು ಆಮೇಲೆ ಒಳಗೆ ಮಣೆಯ ಮೇಲೆ ಕೂತು ಬಿಸಿ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುವಷ್ಟಾದ. ಅವಳು ಕಣಕ ನಾದುತ್ತಾ ಮಾತಾಡುತ್ತಿದ್ದಳು, ಅವನು ಕೇಳುತ್ತಿದ್ದ. ತಲೆಗೂ ಅವಳು ಈಗ ಕ್ಯಾನಿನ ನೀರನ್ನೇ ಹಾಕಿಕೊಳ್ಳುತ್ತಿದ್ದಳು. ತಲೆ ತೊಳೆಯುವ ದಿನ ಹೇಳದೆಯೇ ಒಂದು ಕ್ಯಾನು ಹೆಚ್ಚಿಗೆ ಇರುತ್ತಿತ್ತು. ಅದನ್ನು ಕಂಡಾಗಲೆಲ್ಲ ಅವಳ ಎದೆ ಬೆಚ್ಚಗಾಗುತ್ತಿತ್ತು.

ಇವನು ಹೀಗೇ ದಿನಾ ಬರುತ್ತಿದ್ದರೆ... ಜೀವನಪೂರ್ತಿ ಬರುತ್ತಿದ್ದರೆ...

"ಇವ್ನಿಗೂ ಒಂದು ಹೆಣ್ಣು ಕೂಡಿ ಬಂದಿತ್ತು ಕಣವ್ವ" ಅಂದಳು ಹೊಂಬಾಳಮ್ಮ ಒಮ್ಮೆ, ಅವರೆಕಾಳು ಸುಲಿಯುತ್ತಾ. "ಹೆಣ್ಣಿನ ಕಡೆಯೋರು ಬಚ್ಚಲ ಮನೆಗೋಗಿ ಬಿಳೀ ಪೊರೆ ಕಟ್ಟಿರೋ ನಲ್ಲಿ, ಬಕೀಟು ಎಲ್ಲಾ ನೋಡುದ್ರು. 'ನಮ್ಮುಡ್ಗಿ ಕೂದ್ಲು ಮೊಣಕಾಲುದ್ದ ಅದೆ, ಈ ನೀರ್ಗೆ ಕೊಡಾಕಿಲ್ಲ' ಅಂದು ಒಂಟೋದ್ರು. ಅವತ್ತಿಂದ ಹೆಣ್ಣು ನೋಡೋದೇ ಬ್ಯಾಡ ಅಂತಾನೆ."

ರಂಜಿತ ತನ್ನ ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

ದೀಪಾವಳಿ ಹತ್ತಿರ ಬಂದಿತ್ತು. ಅವನೇ ಒಂದು ಮಾತು ಆಡಲಿ ಎಂದು ಅವಳು ಕಾಯುತ್ತಿದ್ದಳು. ಒಂದು ಬೆಳಗ್ಗೆ ಆಡಿದ.

"ರಂಜಿತಾ ಅವ್ರೇ, ಒಂದ್ ಮಾತು..." ಟಿಕೆಟ್ ಮಿಷನ್ನಿನ ಪಟ್ಟಿಯನ್ನು ಹಿಂಡುತ್ತಾ ನಿಂತಿದ್ದ. ಅವಳ ಕೈ ಲಟ್ಟಣಿಗೆಯ ಮೇಲೆ ನಿಂತುಹೋಯಿತು. "ನೀವು ಈ ಮನೆ ಖಾಲಿ ಮಾಡ್ಬುಡಿ. ಊರಾಚೆ ಕಡೆ ಒಂದ್ ಮನೆ ನೋಡಿವ್ನಿ. ಅಲ್ಲಿ ಕಾವೇರಿ ನೀರು ಬತ್ತದೆ. ಅಲ್ಲಿಗೋದ್ರೆ..."

ಅವನು ಪಟ್ಟಿಯನ್ನು ಬೆರಳಿಗೆ ಇನ್ನೂ ಬಿಗಿಯಾಗಿ ಸುತ್ತಿಕೊಂಡ. ಹಣೆಯಲ್ಲಿ ಬೆವರು ಮೂಡಿತು.

"...ಸರಿ, ರೈಟ್!"

ಹೋಗಿಯೇಬಿಟ್ಟ!

ರಂಜಿತ ಲಟ್ಟಣಿಗೆ ಕೆಳಗಿಟ್ಟಳು. ಬೇಳೆಯ ಮಾತನ್ನು ಅಪಾರ್ಥ ಮಾಡಿಕೊಂಡದ್ದು ನಿಜ. ಆದರೆ 'ಮನೆ ಖಾಲಿ ಮಾಡಿ' ಅನ್ನುವುದಕ್ಕೆ ಇನ್ನೆಷ್ಟು ಅರ್ಥ ಇರಲು ಸಾಧ್ಯ? ನಾನೇ ಏನೇನೋ ಕಟ್ಟಿಕೊಂಡೆ. ಅವರು ನೀರು ಹೊತ್ತು ಹೊತ್ತು ಸಾಕಾಗಿದ್ದಾರೆ, ಅಷ್ಟೇ...

ಅದೇ ದಿನ ಶಿವರಾಜು ಫೋನ್ ಮಾಡಿದ. "ಅಂಗ್ಡಿ ನಿಂತದೆ, ಸಂತೋಸ. ಬಲವಂತ ಏನಿಲ್ಲ. ಆದ್ರೆ ಆ ಗಂಡಿನ ಕಡೆಯೋರು ಭಾನ್ವಾರ ಸಾಯಂಕಾಲ ಬತ್ತೀವಿ ಅಂತವ್ರೆ. ಏನನ್ಲಿ?"

"ಬರಲಿ ಅಣ್ಣ" ಅಂದುಬಿಟ್ಟಳು ರಂಜಿತ. "ನೋಡಿ ಒಪ್ಪಿದ್ರೆ... ನಂದೂ ಒಪ್ಪಿಗೆನೇ."

*

ಮಂಡ್ಯದಿಂದ ಮದ್ದೂರಿಗೆ ಬಸ್ಸಿಗೇನು ಬರವೇ? ಒಂದು ಹೋದರೆ ಅದರ ಬೆನ್ನಿಗೇ ಇನ್ನೊಂದು. ಮದ್ದೂರಿನಲ್ಲಿ ಇಳಿದು ಬಸ್ಸು ಬದಲಾಯಿಸಿದರೆ ಸೋಮನಹಳ್ಳಿ. ಆದರೂ ಆ ಭಾನುವಾರ ರಂಜಿತ ಬ್ಯಾಗು ಹಿಡಿದುಕೊಂಡು, ಎದುರು ಬಂದ ಬಸ್ಸುಗಳನ್ನೆಲ್ಲ ಬಿಟ್ಟು, ನಿಲ್ದಾಣದಲ್ಲಿ ಕಾದಳು. ಮಳವಳ್ಳಿ ಬೋರ್ಡಿನ ಬಸ್ಸು ಬಂದ ಮೇಲೆ ಹತ್ತಿ, ಮಹಿಳೆಯರ ಸೀಟಿನಲ್ಲಿ ಕಿಟಕಿ ಪಕ್ಕ ಕೂತಳು. ಯಾಕೆ ಅಂತ ಕೇಳಿದರೆ ಅವಳು ಹೇಳುತ್ತಿರಲಿಲ್ಲ. ಅರ್ಧ ಮಾತಾಡುವವನ ಬಳಿ ಇನ್ನರ್ಧ ಮಾತು ಇದ್ದರೂ ಇರಬಹುದು ಅನ್ನುವ ಆಸೆ, ಅಷ್ಟೇ.

ಟಿಕೆಟ್ ಕೊಡುತ್ತಾ ಬಂದ ರಘು ಅವಳನ್ನು ಕಂಡು ನಿಂತ. ಬಸ್ಸು ಹೊರಳಿದ್ದಕ್ಕೆ ಕಂಬಿ ಹಿಡಿದುಕೊಂಡ.

"ನೀವು... ಎಲ್ಲಿಗೆ?"

"ಮದ್ದೂರು." ಆಧಾರ್ ಕಾರ್ಡು ಮುಂದೆ ಹಿಡಿದಳು. "ಅಲ್ಲಿಂದ ಊರಿಗೆ. ಸಾಯಂಕಾಲ ಗಂಡಿನ ಕಡೆಯೋರು ಬರ್ತಾರೆ. ನೀವು ಹೇಳಿದ ಹಾಗೇ ಮನೆ ಖಾಲಿ ಮಾಡ್ತೀನಿ."

ಮಿಷನ್ನಿನಿಂದ ಮಹಿಳೆಯರ ಸೊನ್ನೆ ಟಿಕೆಟು ಹೊರಬಂತು. ಅದನ್ನು ಅವಳಿಗೆ ಕೊಡಬೇಕೆಂಬುದೇ ಅವನಿಗೆ ಮರೆತುಹೋಗಿತ್ತು.

"ನಾನು ಅಂಗಲ್ಲ..."

"ಲೋ ಕಂಡಕ್ಟ್ರು, ಇಲ್ಲಿ ಚಿಲ್ರೆ ಕೊಡ್ಲಾ!" ಹಿಂದಿನಿಂದ ಯಾರೋ ಕೂಗಿದರು. ಅವನು ಹೋದ. ಮತ್ತೆ ಬಂದ. ಗೆಜ್ಜಲಗೆರೆಯಲ್ಲಿ ಜನ ಇಳಿದರು, ಹತ್ತಿದರು. ಮತ್ತೆ ಹೋದ. ಮತ್ತೆ ಬಂದ. ಬಾಯಿ ತೆರೆದ, ಮುಚ್ಚಿದ. ರಂಜಿತ ಕಿಟಕಿಯ ಹೊರಗಿನ ಕಬ್ಬಿನ ಗದ್ದೆ ನೋಡುತ್ತಾ ಕೂತಿದ್ದಳು. ಕಣ್ಣೀರಿಗೆ ಗದ್ದೆಯೆಲ್ಲ ಕಲಸಿಹೋಗುತ್ತಿತ್ತು.

ಮದ್ದೂರು ಬಂದೇಬಿಟ್ಟಿತು. ಬಸ್ಸು ನಿಂತಿತು. ಅವಳು ಬ್ಯಾಗು ಎತ್ತಿಕೊಂಡು ಎದ್ದಳು. ಮೆಟ್ಟಿಲಿಗೆ ಅಡ್ಡವಾಗಿ ರಘು ನಿಂತಿದ್ದ.

"ದಾರಿ ಬಿಡಿ."

"ಅರ್ಧನೇ ಏಳಿದ್ದು ನಾನು" ಅಂದ ರಘು.

"ಇನ್ನರ್ಧ ಹೇಳಿ ಮತ್ತೆ! ಯಾವತ್ತಾದ್ರೂ ಒಂದು ಮಾತು ಪೂರ್ತಿ ಹೇಳಿದ್ದೀರಾ ನೀವು? ಒಂದೇ ಒಂದು?"

ಮುಂದಿನ ಸೀಟಿನಲ್ಲಿ ಸೊಪ್ಪಿನ ಗಂಟು ಇಟ್ಟುಕೊಂಡು ಕೂತಿದ್ದ ಮುದುಕಿ ಚಿಕ್ಕಬೋರಮ್ಮ, ದಿನಾ ಅದೇ ಬಸ್ಸಿಗೆ ಬರುವವಳು, ಕತ್ತು ಹೊರಳಿಸಿದಳು. "ಏಳ್ಬುಡ್ಲಾ ಮಗಾ. ನಾನೂ ಎಷ್ಟ್ ದಿನದಿಂದ ನೋಡ್ತಿವ್ನಿ, ನಿಂದು ಯಾವ್ದೂ ಅರ್ಧನೇಯ!"

ಡ್ರೈವರು ಮಹದೇವು ಇಂಜಿನ್ ಆಫ್ ಮಾಡಿ ಕನ್ನಡಿಯಲ್ಲಿ ನೋಡತೊಡಗಿದ.

ರಘು ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡ.

"ಆ ಮನೆಗೋದ್ರೆ... ಅಲ್ಲಿಗೋದ್ರೆ ನಾನೂ ಅವ್ವನೂ ನಿಮ್ ಜೊತ್ಗೇ ಬತ್ತೀವಿ, ನೀವು ನನ್ನ ಮದ್ವೆ ಆಯ್ತೀನಿ ಅಂದ್ರೆ, ಅಂತ ಏಳ್ಬೇಕಾಗಿತ್ತು." ಒಂದೇ ಉಸಿರಿಗೆ ಹೇಳಿದ. ನಿಂತು, ಮತ್ತೆ ಮುಂದುವರಿಸಿದ. ಇಷ್ಟು ಉದ್ದ ಅವನು ಹುಟ್ಟಿದಾಗಿನಿಂದ ಮಾತಾಡಿರಲಿಲ್ಲ. "ನೀವಂದ್ರೆ ನಂಗೆ ಪ್ರಾಣ ಕಣ್ರೀ. ನಿಮ್ ಕೂದ್ಲು ಆ ನೀರ್ಗೆ ಉದುರೋದ ನೋಡಾಕ್ ಆಗ್ತಿರ್ಲಿಲ್ಲ. ಅಂಥಾ ನೀರಿರೋ ಮನೆಗೆ ನಿಮ್ಮನ್ನ ಯಾವ ಬಾಯಲ್ಲಿ ಕರೀಲಿ? ಅದುಕ್ಕೆ ಬೇರೆ ಮನೆ ಹುಡುಕಿದ್ದು. ಖಾಲಿ ಮಾಡಿ ಅನ್ನೋವಷ್ಟು ಬಾಯಿಗ್ ಬಂತು. ಮದ್ವೆ ಅನ್ನೋದು ಬರ್ಲಿಲ್ಲ."

ರಂಜಿತಳ ಕೈಯಿಂದ ಬ್ಯಾಗು ಜಾರಿ ಸೀಟಿನ ಮೇಲೆ ಬಿತ್ತು. ಎಷ್ಟೋ ದಿನದಿಂದ ಗಟ್ಟಿಯಾಗಿ ಕೂತಿದ್ದ ನೋವೊಂದು ಅವಳೊಳಗೆ ಮೆತ್ತಗಾಯಿತು.

"ಹೊಂಬಾಳಮ್ಮ ಆ ನಲ್ಲಿ ಬಿಟ್ಟು ಬರ್ತಾರಾ?" ಅಂದಳು, ಕಣ್ಣೊರೆಸಿಕೊಂಡು.

"ಇಲ್ಲ. ಅದೂ ಒಂದ್ ಕಷ್ಟ."

"ನಂಗೂ ಬೇರೆ ಮನೆ ಬೇಡ. ಅಂಗಡಿ ಅಲ್ಲಿದೆ, ಅಮ್ಮ ಅಲ್ಲಿದ್ದಾರೆ. ಬೇಳೆಗೂ ತಲೆಗೂ ಕ್ಯಾನಿನ ನೀರು ಸಾಕು. ತಂದುಕೊಡೋರು ಇರಬೇಕಷ್ಟೆ."

ಅವಳು ಅಲ್ಲೇ ಫೋನ್ ತೆಗೆದು ಅಣ್ಣನಿಗೆ ಮಾಡಿದಳು. "ಅಣ್ಣಾ, ಅವರಿಗೆ ಬರೋದು ಬೇಡ ಅಂತ ಈಗಲೇ ಹೇಳಿಬಿಡು. ನನ್ನ ಮನಸ್ಸು ಬೇರೆ ಕಡೆ ಇದೆ. ತಪ್ಪು ನಂದು, ಮೊದಲೇ ಹೇಳಬೇಕಿತ್ತು."

"ಯಾರವ್ವ? ಆ ನೀರಿನ ಕ್ಯಾನ್ನೋನಾ?" ಅಂದ ಶಿವರಾಜು. "ಫೋನ್ ಮಾಡ್ದಾಗೆಲ್ಲ ಅವ್ನ ಸುದ್ದಿನೇ ಆಗಿತ್ತು, ನಂಗ್ ಗೊತ್ತಾಗ್ಲಿಲ್ಲ ಅನ್ಕಂಡಿದ್ಯಾ? ಸರಿ ಬುಡು. ಒಂದಿನ ಕರ್ಕೊಂಡ್ ಬಾ."

ರಂಜಿತ ಫೋನ್ ಇಟ್ಟು ಮತ್ತೆ ಕಿಟಕಿಯ ಪಕ್ಕ ಕೂತಳು.

"ಟಿಕೆಟ್ ಬದಲಾಯಿಸಿ. ಮಳವಳ್ಳಿವರೆಗೂ ಕೊಡಿ. ಆಮೇಲೆ ವಾಪಸ್ ಮಂಡ್ಯಕ್ಕೂ."

"ಏನ್ಲಾ ರಘು, ರೈಟಾ?" ಮಹದೇವು ಮುಂದಿನಿಂದ ಕೂಗಿದ.

ಜೀವನದಲ್ಲಿ ಮೊದಲ ಸಲ ರಘುವಿಗೆ ಆ ಪದ ಬಾಯಿಗೆ ಬರಲಿಲ್ಲ. ಅವನು ಅವಳ ಕಡೆ ಬಾಗಿ, ಅವಳಿಗಷ್ಟೇ ಕೇಳುವಂತೆ ಕೇಳಿದ.

"ಅಂಗಾರೆ... ನನ್ ಬೇಳೆ ಬೆಂತು ಅನ್ನಿ?"

ಅವಳು ತಲೆ ಎತ್ತಿ ನೋಡಿದಳು. ತುಂಬಿದ ಕಣ್ಣಲ್ಲೇ ನಕ್ಕಳು.

"ಪೂರ್ತಿ ಬೆಂದಿದೆ ಕಣ್ರೀ. ಇನ್ನು ಬೆಲ್ಲ ಹಾಕ್ಬೋದು."